ಓಡುವ ಕಾಲಿಗೆ ಒಪ್ಪುವ ಪಾದರಕ್ಷೆ

ಪಾದರಕ್ಷೆಯನ್ನು ಕೊಳ್ಳುವಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳು ಮೂರು: ಬೆಲೆ ಎಷ್ಟು, ಎಷ್ಟು ವರ್ಷ ಬಾಳಿಕೆ ಬಂದೀತು, ನೋಡುವವರ ಕಣ್ಣಿಗೆ ಹೇಗೆ ಕಂಡೀತು. ಅದನ್ನು ಮೆಟ್ಟಿ ನಡೆಯಬೇಕಾದ ಕಾಲಿನ ಅಭಿಪ್ರಾಯವನ್ನು ಕೇಳುವವರು ವಿರಳ. ನಿಧಾನವಾಗಿ ನಡೆಯುವವರಿಗೆ ಈ ಉದಾಸೀನದಿಂದ ದೊಡ್ಡ ಹಾನಿಯಾಗದೆ ಹೋಗಬಹುದು. ಓಡುವವರ ಮಾತು ಬೇರೆ. ಇಂದು ಮಕ್ಕಳು ಶಾಲಾ ಕ್ರೀಡಾಕೂಟಕ್ಕಾಗಿ ಓಡುತ್ತಾರೆ. ನಗರ ಸೇರಿದ ತರುಣರು ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಹತ್ತು ಕಿಲೋಮೀಟರ್ ಓಟದಂತಹವುಗಳಿಗೆ ಹೆಸರು ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರು ವೈದ್ಯರ ಮಾತಿನಂತೆ ಬೆಳಗಿನಲ್ಲಿ ಬಿರುಸಾಗಿ ನಡೆಯುತ್ತಾರೆ. ಓಡುವಾಗ ಪ್ರತಿಯೊಂದು ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರು ಪಟ್ಟು ಭಾರವು ಒಂದೇ ಕಾಲಿನ ಮೇಲೆ ಬೀಳುತ್ತದೆ. ಅದನ್ನು ಹೊರುವ ಪಾದದಲ್ಲಿ 26 ಮೂಳೆಗಳೂ 33 ಕೀಲುಗಳೂ ಇವೆ. ಇಷ್ಟು ಸೂಕ್ಷ್ಮವಾದ ಅಂಗವನ್ನು ನಂಬರು ಮಾತ್ರ ನೋಡಿ ಡಬ್ಬಿಯಿಂದ ತೆಗೆದ ಶೂಗೆ ಒಪ್ಪಿಸಿಬಿಡುವುದು ವಿವೇಕವಲ್ಲ.

ಶರಣ ಪರಂಪರೆಯಲ್ಲಿ ಪಾದರಕ್ಷೆಗೆ ದೊರೆತಿರುವ ಸ್ಥಾನವನ್ನು ವಾಚಕರಿಗೆ ನಾವು ಹೊಸದಾಗಿ ಹೇಳಬೇಕಾಗಿಲ್ಲ. ಸಮಗಾರ ಹರಳಯ್ಯನವರೂ ಅವರ ಧರ್ಮಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗಾಗಿ ಪಾದುಕೆಗಳನ್ನು ಮಾಡಿದರೆಂಬ ಕಥೆ ಮನೆಮನೆಯಲ್ಲಿಯೂ ಪ್ರಸಿದ್ಧ. ಅದರ ಭಕ್ತಿಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಹರಳಯ್ಯನವರು ಕಾಯಕಜೀವಿ, ಕಾಲನ್ನು ಬಲ್ಲವರು ಎಂಬುದನ್ನು ಎಷ್ಟು ಜನ ನೆನೆಯುತ್ತೇವೆ? ಹಳ್ಳಿಯ ಸಮಗಾರನು ಗಿರಾಕಿಯನ್ನು ಕಾಗದದ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಗೆರೆ ಎಳೆದುಕೊಂಡು, ಆಮೇಲೆ ಚರ್ಮಕ್ಕೆ ಕತ್ತರಿ ಹಾಕುತ್ತಿದ್ದನು. ಪೇಟೆಯ ಗಾಜಿನ ಅಂಗಡಿಗಳಲ್ಲಿ ಆ ಗೆರೆಯೊಂದೇ ಕಾಣೆಯಾಗಿದೆ.

ಸಿದ್ದಾಪುರ ತಾಲೂಕಿನ ನಿಲ್ಕುಂದವು ಘಟ್ಟದ ಮೇಲಿನ ಊರು. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹಳ್ಳ ದಾಟಲು ಸಂಕ, ಏರಿಳಿತದ ಕಾಲುದಾರಿ. ಕಲ್ಲೆಂದರೆ ಜಂಬಿಟ್ಟಿಗೆ, ಬೇಸಿಗೆಯಲ್ಲಿ ಅದು ಅರದಂತೆ ಅಂಗಾಲನ್ನು ತೇಯುತ್ತದೆ, ಮಳೆಗಾಲದಲ್ಲಿ ಹಾವಸೆಗಟ್ಟಿ ಜಾರುತ್ತದೆ. ಜೂನ್‌ನಿಂದ ಮೂರು ನಾಲ್ಕು ತಿಂಗಳು ಉಂಬಳಗಳ ಉಪದ್ರವ ಬೇರೆ. ಆ ಭಾಗದ ಒಂದು ಮನೆಗೆ ನಾವು ಹೋಗಿದ್ದಾಗ ಪ್ರೌಢಶಾಲೆಯ ಬಾಲಕಿಯೊಬ್ಬಳು ತಾಲೂಕು ಮಟ್ಟದ ಓಟಕ್ಕೆ ಅಭ್ಯಾಸ ಮಾಡುತ್ತಿದ್ದಳು. ಮುಂದಿನ ವರ್ಷಕ್ಕೂ ಆಗಲೆಂದು ತಂದೆ ಎರಡು ನಂಬರು ದೊಡ್ಡ ಶೂ ಕೊಡಿಸಿದ್ದರು; ತಾಯಿ ಅದರ ತುದಿಗೆ ಬಟ್ಟೆ ತುರುಕಿಕೊಟ್ಟಿದ್ದರು. ಇಳಿಜಾರಿನಲ್ಲಿ ಓಡುವಾಗ ಪಾದವು ಮುಂದಕ್ಕೆ ಸರಿದು ಬೆರಳುಗಳು ಗುದ್ದಿ ಗುದ್ದಿ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಹಿಮ್ಮಡಿಯ ಚರ್ಮ ಸುಲಿದಿತ್ತು. ಇಷ್ಟಾದ ಮೇಲೆ ಮನೆಯವರು ಮಾಡಿದ ತೀರ್ಮಾನವೇನು? ಓಟ ಈ ಹುಡುಗಿಗೆ ಆಗಿಬರುವುದಿಲ್ಲ, ನಿಲ್ಲಿಸುವುದೇ ಲೇಸು ಎಂದು! ತಪ್ಪು ಶೂನದು, ಶಿಕ್ಷೆ ಮಗುವಿಗೆ. ತಂದೆತಾಯಿಗಳ ಮಿತವ್ಯಯವನ್ನು ನಾವು ಹಳಿಯುವುದಿಲ್ಲ. ಬೆಳೆಯುವ ಮಗುವಿಗೆ ಲಂಗವನ್ನು ಉದ್ದವಾಗಿ ಹೊಲಿಸಿ ಮಡಿಕೆ ಹಾಕಬಹುದು. ಶೂಗೆ ಮಡಿಕೆ ಹಾಕಲು ಬರುವುದಿಲ್ಲ.

ಸರಿಯಾದ ಅಳತೆಯೆಂದರೇನು? ಮೊದಲನೆಯದಾಗಿ, ಶೂ ಕೊಳ್ಳುವುದಕ್ಕೆ ಸಂಜೆಯ ಹೊತ್ತು ಒಳ್ಳೆಯದು. ದಿನವಿಡೀ ನಿಂತು ನಡೆದ ಪಾದ ಸಂಜೆಗೆ ಕೊಂಚ ಊದಿರುತ್ತದೆ, ಓಡುವಾಗಲೂ ಊದುತ್ತದೆ. ಬೆಳಿಗ್ಗೆ ಒಪ್ಪಿದ್ದು ಆಗ ಬಿಗಿಯಾದೀತು. ಓಡುವಾಗ ಹಾಕುವ ಕಾಲುಚೀಲವನ್ನೇ ಧರಿಸಿ ಹೋಗತಕ್ಕದ್ದು. ಬಹುಮಂದಿಯ ಎರಡು ಪಾದಗಳು ಒಂದೇ ಅಳತೆಯವಲ್ಲವಾದುದರಿಂದ ದೊಡ್ಡ ಪಾದವೇ ಪ್ರಮಾಣ. ಕುಳಿತು ನೋಡುವುದು ಸಾಲದು. ನಿಂತಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಹಾಗೆ ನಿಂತಿರುವಾಗ ಎಲ್ಲಕ್ಕಿಂತ ಉದ್ದವಾದ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿದಿರಬೇಕು. ಎಷ್ಟೋ ಜನರಿಗೆ ಹೆಬ್ಬೆರಳಿಗಿಂತ ಎರಡನೆಯ ಬೆರಳೇ ಉದ್ದವಿರುತ್ತದೆಂಬುದು ನೆನಪಿರಲಿ. ಬೆರಳುಗಳು ಒಳಗೆ ಆಡುವಂತಿರಬೇಕು, ಹಿಮ್ಮಡಿ ಮಾತ್ರ ಎದ್ದು ಬೀಳಬಾರದು. ಆಮೇಲೆ ಅಂಗಡಿಯ ಮೆಟ್ಟಿಲನ್ನು ಹತ್ತಿ ಇಳಿದು, ಸಾಧ್ಯವಾದರೆ ಹೊರಗೆ ಹತ್ತು ಹೆಜ್ಜೆ ಓಡಿ ನೋಡಬೇಕು. ಅಂಗಡಿಯವರು ಮುಖ ಗಂಟಿಕ್ಕಿದರೆ ಬೇರೆ ಅಂಗಡಿಗೆ ಹೋಗಬಹುದು. ಸ್ವಲ್ಪ ದಿನ ಹಾಕಿದರೆ ಸಡಿಲವಾಗುತ್ತದೆ ಎಂಬ ಮಾತು ಚರ್ಮದ ಜೋಡಿಗೆ ಒಪ್ಪೀತು. ಓಟದ ಶೂ ಮೊದಲ ದಿನವೇ ಹಿತವಾಗಿರಬೇಕು.

ನಂಬರುಗಳ ವಿಷಯ ಸ್ವಾರಸ್ಯವಾಗಿದೆ. ನಾವು ಬಳಸುತ್ತ ಬಂದಿರುವ ಇಂಗ್ಲಿಷ್ ಅಳತೆಯ ಮೂಲ ಜವೆಯ ಕಾಳು. ಒಂದು ಕಾಳಿನ ಉದ್ದ, ಅಂದರೆ ಇಂಚಿನ ಮೂರನೆಯ ಒಂದು ಭಾಗ, ಹೆಚ್ಚಿದರೆ ಒಂದು ನಂಬರು ಹೆಚ್ಚುತ್ತದೆ. ಈ ನಂಬರು ಉದ್ದವನ್ನಷ್ಟೇ ಹೇಳುತ್ತದೆ, ಅಗಲದ ಬಗ್ಗೆ ಮೌನ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದಗಳನ್ನು ಯಂತ್ರದಿಂದ ಅಳೆದು ನೋಡಿದರು. ಭಾರತೀಯರ ಪಾದವು ಪಾಶ್ಚಾತ್ಯರ ಪಾದಕ್ಕಿಂತ ಅಗಲವೆಂದೂ, ಅಗಲ ಸಾಲದೆ ಬಹಳ ಜನ ಉದ್ದ ಹೆಚ್ಚಾದ ಶೂ ಧರಿಸುತ್ತಿದ್ದಾರೆಂದೂ ತಿಳಿದುಬಂದಿತು. ಇದರ ಆಧಾರದ ಮೇಲೆ 'ಭ' ಎಂಬ ಹೆಸರಿನ ಭಾರತೀಯ ಅಳತೆಯ ಕ್ರಮವನ್ನು ಸೂಚಿಸಲಾಗಿದೆ. ಬೇಸಾಯದ ಮನೆತನಗಳಲ್ಲಿ ಹುಟ್ಟಿ ಬರಿಗಾಲಿನಲ್ಲಿ ಬೆಳೆದವರ ಪಾದ ಮುಂಭಾಗದಲ್ಲಿ ಬೀಸಣಿಗೆಯಂತೆ ಹರಡಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅಂತಹವರು ಉದ್ದದ ನಂಬರನ್ನು ಏರಿಸುತ್ತ ಹೋಗುವ ಬದಲು ಅಗಲದ ಅಚ್ಚಿನ ಶೂ ಇದೆಯೇ ಎಂದು ಕೇಳುವುದು ಸಮಂಜಸ. ಕೆಲವು ಕಂಪನಿಗಳು ಒಂದೇ ನಂಬರಿನಲ್ಲಿ ಎರಡು ಮೂರು ಅಗಲಗಳನ್ನು ತಯಾರಿಸುತ್ತವೆ.

ಚಪ್ಪಟೆ ಪಾದದ ವಿಷಯದಲ್ಲಿ ತಾಯಂದಿರಿಗೆ ಅನಾವಶ್ಯಕವಾದ ಭಯವಿದೆ. ಕಾಲನ್ನು ನೀರಿನಲ್ಲಿ ಅದ್ದಿ ಜಗಲಿಯ ಒಣನೆಲದ ಮೇಲೆ ಊರಿದರೆ ಹೆಜ್ಜೆಯ ಗುರುತು ಮೂಡುತ್ತದೆ. ನಡುವೆ ಒಳಬಾಗು ಕಾಣದೆ ತುಂಬಿದ ಗುರುತು ಬಂದರೆ ಪಾದ ಚಪ್ಪಟೆ. ನಡುಭಾಗವೇ ಮೂಡದಿದ್ದರೆ ಕಮಾನು ಎತ್ತರ. ಈ ಗುರುತನ್ನು ನೋಡಿಯೇ ಶೂವಿನ ಜಾತಿಯನ್ನು ನಿರ್ಧರಿಸಬೇಕೆಂದು ಬಹುಕಾಲ ಹೇಳುತ್ತಿದ್ದರು. ಅಮೆರಿಕದ ಸೈನ್ಯದಲ್ಲಿ ಹೊಸದಾಗಿ ಸೇರಿದ ಸಾವಿರಾರು ಜನರ ಮೇಲೆ ಇದನ್ನು ಪರೀಕ್ಷಿಸಿ 2009 ಮತ್ತು 2010ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಹೆಜ್ಜೆಯ ಆಕಾರ ನೋಡಿ ಶೂ ಕೊಟ್ಟವರಿಗೂ, ನೋಡದೆ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟವರಿಗೂ ಆದ ಗಾಯಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ನೀರಿನ ಗುರುತು ನಮ್ಮ ಪಾದದ ಪರಿಚಯಕ್ಕೆ ಸಾಕು, ಆಯ್ಕೆಗೆ ಅದೇ ಆಧಾರವಲ್ಲ.

ನಮ್ಮ ನಾಡಿನಲ್ಲಿಯೇ ನಡೆದ ಇನ್ನೊಂದು ಅಧ್ಯಯನ ಇದಕ್ಕಿಂತ ಹೆಚ್ಚು ಬೋಧಪ್ರದವಾದುದು. ಮಣಿಪಾಲದ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದವರೆಗಿನ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿಯವರಲ್ಲಿ ಅದಕ್ಕಿಂತ ಕಡಿಮೆ. ಪಾದದ ಕಮಾನು ರೂಪುಗೊಳ್ಳಲು ಆರು ವರ್ಷದೊಳಗಿನ ಕಾಲವೇ ಮುಖ್ಯವೆಂಬುದು ಅವರ ಅಭಿಪ್ರಾಯ. ಎಳೆಯ ಮಗುವನ್ನು ಶೂವಿನಲ್ಲಿ ಬಿಗಿದು ಹೆಮ್ಮೆಪಡುವ ಮನೆಗಳು ಇದನ್ನು ಗಮನಿಸಬೇಕು. ಶುದ್ಧವಾದ ಅಂಗಳದಲ್ಲಿ, ಮನೆಯೊಳಗೆ, ಮಗು ಬರಿಗಾಲಿನಲ್ಲಿ ಓಡಲಿ. ಚಪ್ಪಟೆ ಪಾದವಿದ್ದರೂ ನೋವಿಲ್ಲದಿದ್ದರೆ ಓಟಕ್ಕೆ ಅದು ಅಡ್ಡಿಯಲ್ಲ.

ಹಾಗಾದರೆ ಶೂ ಏತಕ್ಕೆ, ಬರಿಗಾಲೇ ಸಾಲದೇ ಎಂದು ಕೇಳುವವರಿದ್ದಾರೆ. ಈ ಜಿಲ್ಲೆಯವರೇ ಆದ ಅಂಕೋಲಾ ತಾಲೂಕು ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದ ನೆಲದ ಮೇಲೆ ಬರಿಗಾಲಿನಲ್ಲಿಯೇ ನಡೆದುಹೋಗಿ ಪದ್ಮಶ್ರೀ ಸ್ವೀಕರಿಸಿದರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದನು. ಕೊಟ್ಟ ಶೂ ಅವನ ಕಾಲಿಗೆ ಹೊಂದಲಿಲ್ಲವೆಂದು ಹೇಳುತ್ತಾರೆ. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ ಶೂ ಧರಿಸಿ ಓಡಿ, ಮೊದಲಿಗಿಂತ ಮೂರು ನಿಮಿಷ ಕಡಿಮೆ ಅವಧಿಯಲ್ಲಿ ಮತ್ತೆ ಗೆದ್ದನೆಂಬುದನ್ನು ಬರಿಗಾಲಿನ ಪಕ್ಷಪಾತಿಗಳು ಮರೆಯುತ್ತಾರೆ. ಹುಟ್ಟಿದಂದಿನಿಂದ ಬರಿಗಾಲಿನಲ್ಲಿ ನಡೆದವರ ಅಂಗಾಲು ಬೇರೆ. ಹದಿನೈದು ವರ್ಷ ಶೂ ಹಾಕಿದವನು ಒಂದು ಬೆಳಿಗ್ಗೆ ಅದನ್ನು ಬಿಸುಟು ಟಾರು ರಸ್ತೆಯಲ್ಲಿ ಓಡಿದರೆ ಮೀನಖಂಡವೂ ಪಾದದ ಮೂಳೆಯೂ ತಡೆಯವು.

ಕೊನೆಗೆ ನ್ಯಾಯಾಧೀಶರು ಯಾರು? ನಮ್ಮ ತಿಳಿವಳಿಕೆಯಂತೆ, ಹಿತವೆನ್ನಿಸುವಿಕೆ. ಕೆನಡಾದ ಬೆನ್ನೊ ನಿಗ್ ಎಂಬ ವಿದ್ವಾಂಸರು ಬಹುಕಾಲ ಈ ವಿಷಯವನ್ನು ಶೋಧಿಸಿ 2015ರಲ್ಲಿ ಇದನ್ನೇ ಪ್ರತಿಪಾದಿಸಿದರು. ಮೂರು ನಾಲ್ಕು ಜೊತೆ ಹಾಕಿ ನೋಡಿ, ಯಾವುದರಲ್ಲಿ ಕಾಲು ತನ್ನ ಸಹಜ ಚಲನೆಯಲ್ಲಿ ಸುಖವಾಗಿದೆಯೋ ಅದನ್ನು ಆರಿಸಬೇಕು. ಇಂಗಾಲದ ಹಾಳೆಯನ್ನು ಒಳಗಿಟ್ಟ ದಪ್ಪ ತಳದ ಶೂಗಳನ್ನು ತರುಣರು ಹಂಬಲಿಸುತ್ತಾರೆ. ರಸ್ತೆ ಓಟದಲ್ಲಿ ತಳದ ದಪ್ಪ 40 ಮಿಲಿಮೀಟರ್ ಮೀರಬಾರದೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ನಿಯಮವನ್ನೇ ಮಾಡಬೇಕಾಯಿತು. ಶಾಲೆಯ ಮಕ್ಕಳಿಗೂ ನಿಲ್ಕುಂದದ ಕಾಲುದಾರಿಗೂ ಅವು ಬೇಕಾಗಿಲ್ಲ. ಎತ್ತರದ ಮೆತ್ತನೆಯ ತಳ ಕಲ್ಲಿನ ಮೇಲೆ ಹೊರಳಿ ಕಣಕಾಲು ಉಳುಕೀತು.

ಈ ನ್ಯಾಯಾಧೀಶರು ಮೂಕರಾಗುವ ಸಂದರ್ಭವೊಂದಿದೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಗಿಯಾದ ಶೂ ಬಿಗಿಯೆನ್ನಿಸುವುದಿಲ್ಲ, ಒಳಗೆ ಸೇರಿದ ಹರಳು ಚುಚ್ಚುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶುಶ್ರೂಷೆ ಮಾಡಿದ ಡಾ. ಪಾಲ್ ಬ್ರ್ಯಾಂಡ್ ಅವರು, ಕಾಲಿನ ಹುಣ್ಣುಗಳಿಗೆ ಬಹುಮಟ್ಟಿಗೆ ಕಾರಣ ನೋವು ತಿಳಿಯದಿರುವುದೇ ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಮಾತು ಸಲ್ಲುತ್ತದೆ. ಇಂತಹವರು ಹಿತವನ್ನು ನಂಬದೆ ಕಣ್ಣನ್ನು ನಂಬಬೇಕು. ಕಾಗದದ ಮೇಲೆ ಪಾದದ ಗೆರೆ ಎಳೆದು, ಕತ್ತರಿಸಿ, ಶೂವಿನೊಳಗೆ ಇಟ್ಟು ನೋಡಬೇಕು. ಕಾಗದ ಅಂಚಿನಲ್ಲಿ ಮಡಿಚಿಕೊಂಡರೆ ಆ ಶೂ ಬೇಡ. ಪ್ರತಿ ಸಲ ಧರಿಸುವ ಮುನ್ನ ಒಳಗೆ ಕೈಯಾಡಿಸಬೇಕು, ರಾತ್ರಿ ಮನೆಯವರಿಂದ ಅಂಗಾಲನ್ನು ನೋಡಿಸಿಕೊಳ್ಳಬೇಕು. ಮಠ, ದೇವಾಲಯಗಳ ಕಲ್ಲುಹಾಸು ನಡುಹಗಲಿನಲ್ಲಿ ಕಾದಿರುತ್ತದೆ. ಬರಿಗಾಲಿನ ಪ್ರದಕ್ಷಿಣೆಯಿಂದ ಬೊಬ್ಬೆಯೆದ್ದದ್ದು ಇವರಿಗೆ ಮರುದಿನದವರೆಗೂ ತಿಳಿಯುವುದಿಲ್ಲ. ಹೊತ್ತು ತಂಪಾದಾಗ ಬರಬೇಕು. ಶುಭ್ರವಾದ ದಪ್ಪ ಕಾಲುಚೀಲ ಧರಿಸಿ ಬಂದರೆ ಅದರಲ್ಲಿ ಅಪಚಾರವೇನೂ ಇಲ್ಲವೆಂಬುದು ನಮ್ಮ ಅಭಿಮತ.

ಮಳೆನಾಡಿನವರಿಗೆ ಇನ್ನೆರಡು ಮಾತು. ನೀರು ಒಳಬರದ ಶೂವಿನಲ್ಲಿ ಮೇಲಿನಿಂದ ಹೊಕ್ಕ ನೀರು ಹೊರಹೋಗುವುದೂ ಇಲ್ಲ; ಹಳ್ಳ ದಾಟಿ ಓಡುವವರಿಗೆ ಜಾಲರಿಯ ಮೇಲ್ಬಟ್ಟೆ, ಗಂಟುಗಂಟಾದ ರಬ್ಬರಿನ ತಳ ಮೇಲು. ಹತ್ತಿಯ ಕಾಲುಚೀಲ ನೀರು ಹಿಡಿದು ಬೊಕ್ಕೆ ಎಬ್ಬಿಸುತ್ತದೆ, ನೈಲಾನ್ ಮಿಶ್ರಿತವಾದುದು ಬೇಗ ಒಣಗುತ್ತದೆ. ನೆನೆದ ಶೂಗಳನ್ನು ಅಡಿಕೆ ಬೇಯಿಸುವ ಒಲೆಯ ಬಳಿ ಇಡುವ ರೂಢಿ ಕೆಲವು ಮನೆಗಳಲ್ಲಿದೆ. ಆ ಕಾವಿಗೆ ಅಂಟು ಬಿಡುತ್ತದೆ, ತಳದ ನೊರೆರಬ್ಬರು ಗಡುಸಾಗುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ಒದ್ದೆಯಾದಂತೆ ಬದಲಾಯಿಸುತ್ತ, ಗಾಳಿಯಾಡುವಲ್ಲಿ ಇಟ್ಟರೆ ಸಾಕು. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಓಡಿದ ಮೇಲೆ, ಮೇಲ್ಭಾಗ ಹೊಸದರಂತೆ ಕಂಡರೂ, ತಳದ ಮೆತ್ತು ಕುಗ್ಗಿರುತ್ತದೆ. ಅಂತಹ ಜೊತೆಯನ್ನು ತೋಟದ ಕೆಲಸಕ್ಕೆ ಇಟ್ಟುಕೊಳ್ಳಬಹುದು; ಅಣ್ಣನ ಕಾಲಿಗೆ ಸವೆದುದನ್ನು ತಮ್ಮನ ಓಟಕ್ಕೆ ಕೊಡುವುದು ಬೇಡ.