ಯುರೋಪಿನ ಹಲವು ದೇಶಗಳಲ್ಲಿ ರಸ್ತೆ ಪ್ರವಾಸ: ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೋರುವ ಚಿಕ್ಕಮಗಳೂರು ಜಿಲ್ಲೆಯ ಅರ್ಜಿದಾರರಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ಭಾಗದ ಕಾಫಿ ಬೆಳೆಗಾರ ಕುಟುಂಬಗಳು ರೊಬಸ್ಟಾ ಕುಯ್ಲು ಮುಗಿದು ಹೂ ಮಳೆಯೂ ಆದ ನಂತರ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ವಿದೇಶ ಪ್ರವಾಸ ಕೈಗೊಳ್ಳುವುದು ಸಾಮಾನ್ಯವಾಗಿದೆ. ಯುರೋಪಿನಲ್ಲಿ ಬಾಡಿಗೆ ಕಾರು ಪಡೆದು, ತಾವೇ ಚಾಲನೆ ಮಾಡಿ, ನಾಲ್ಕಾರು ದೇಶಗಳನ್ನು ನೋಡಿ ಬರಲು ಇಚ್ಛಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಂದರೇನು?

ಇದು ಹೊಸದೊಂದು ಲೈಸೆನ್ಸ್ ಅಲ್ಲವೆಂಬುದನ್ನು ಅರ್ಜಿದಾರರು ಮೊದಲಿಗೆ ಗಮನಿಸತಕ್ಕದ್ದು. ತಮ್ಮಲ್ಲಿ ಈಗಾಗಲೇ ಇರುವ ಚಾಲನಾ ಅನುಜ್ಞಾಪತ್ರದ ವಿವರಗಳನ್ನು ಹೊರದೇಶದ ಅಧಿಕಾರಿಗೆ ಅರ್ಥವಾಗುವ ರೀತಿಯಲ್ಲಿ ತಿಳಿಸುವ ದಾಖಲೆ ಇದಾಗಿದೆ. ಮೂಲ ಅನುಜ್ಞಾಪತ್ರವನ್ನು ಮನೆಯಲ್ಲಿ ಬಿಟ್ಟು ಇದೊಂದನ್ನೇ ಕೊಂಡೊಯ್ದಲ್ಲಿ ಪ್ರಯೋಜನವಿರುವುದಿಲ್ಲ. ಎರಡನ್ನೂ ಜೊತೆಯಲ್ಲಿ ಇಟ್ಟುಕೊಂಡಿರಬೇಕು.

ಭಾರತವು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ ಕಕ್ಷಿ ರಾಷ್ಟ್ರವಾಗಿದ್ದು, ಆ ಒಪ್ಪಂದದ ಪ್ರಕಾರ ಪರವಾನಗಿ ನೀಡುತ್ತದೆ. ಫ್ರಾನ್ಸ್, ಇಟಲಿ, ಆಸ್ಟ್ರಿಯಾ ಮುಂತಾದವು ಇದೇ ಒಪ್ಪಂದಕ್ಕೆ ಸೇರಿವೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಇದರ ಕಕ್ಷಿಗಳಲ್ಲ; ಅವು ತಮ್ಮದೇ ನಿಯಮಗಳಂತೆ ವಿದೇಶಿ ಲೈಸೆನ್ಸನ್ನು ಪರಿಗಣಿಸುತ್ತವೆ. ಆದುದರಿಂದ ದಾರಿಯಲ್ಲಿ ಬರುವ ಪ್ರತಿಯೊಂದು ದೇಶದ ನಿಯಮವನ್ನು ಆಯಾ ರಾಯಭಾರ ಕಚೇರಿಯ ಮೂಲಕ ಪ್ರತ್ಯೇಕವಾಗಿ ಖಚಿತಪಡಿಸಿಕೊಳ್ಳುವುದು ಸೂಕ್ತ.

2. ಅರ್ಜಿ ಸಲ್ಲಿಸುವ ವಿಧಾನ

ಅರ್ಜಿಯನ್ನು ನಮೂನೆ 4ಎ ರಲ್ಲಿ, ಸಾರಥಿ ಜಾಲತಾಣದ ಮುಖಾಂತರ ಸಲ್ಲಿಸಬಹುದು. ಶುಲ್ಕ ರೂ. 1,000. ಚಾಲ್ತಿಯಲ್ಲಿರುವ ಚಾಲನಾ ಅನುಜ್ಞಾಪತ್ರ ಹಾಗೂ ಪಾಸ್‌ಪೋರ್ಟ್ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಕಲಿಕಾ ಲೈಸೆನ್ಸ್ ಮೇಲೆ ಈ ಪರವಾನಗಿ ನೀಡಲಾಗುವುದಿಲ್ಲ. 2021ರ ಜನವರಿಯ ಕೇಂದ್ರ ಅಧಿಸೂಚನೆಯಂತೆ, ಅರ್ಜಿಯ ಹಂತದಲ್ಲಿ ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾ ಹಾಜರುಪಡಿಸಬೇಕೆಂಬ ಷರತ್ತನ್ನು ಕೈಬಿಡಲಾಗಿದೆ. 2022ರ ಆಗಸ್ಟ್ ಅಧಿಸೂಚನೆಯಿಂದ ದೇಶದಾದ್ಯಂತ ಒಂದೇ ಮಾದರಿಯ ಪುಸ್ತಿಕೆ ಜಾರಿಗೆ ಬಂದಿದ್ದು, ಅದರಲ್ಲಿನ ಕ್ಯೂಆರ್ ಸಂಕೇತವು ಪರವಾನಗಿಯನ್ನು ಮೂಲ ಅನುಜ್ಞಾಪತ್ರಕ್ಕೆ ಜೋಡಿಸುತ್ತದೆ.

ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗಲು ಒಂದು ದಿನವೇ ಬೇಕಾಗುವುದರಿಂದ, ಈ ಮುಂದಿನ ಎರಡು ಅಂಶಗಳನ್ನು ಮನೆಯಲ್ಲಿಯೇ ಪರಿಶೀಲಿಸಿಕೊಂಡು ಹೊರಡಲು ಕೋರಲಾಗಿದೆ.

(ಅ) ಹೆಸರು: ನಮ್ಮ ಭಾಗದಲ್ಲಿ ಹಳೆಯ ಲೈಸೆನ್ಸ್‌ಗಳಲ್ಲಿ ಹೆಸರಿನೊಂದಿಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಅವೇ ಅಕ್ಷರಗಳು ಪೂರ್ಣವಾಗಿ ವಿಸ್ತರಿಸಲ್ಪಟ್ಟಿರುತ್ತವೆ. ಇಲ್ಲಿ ಯಾರಿಗೂ ತೊಡಕೆನಿಸದ ಈ ವ್ಯತ್ಯಾಸವು ಅಲ್ಲಿನ ಬಾಡಿಗೆ ಕಾರಿನ ಕೌಂಟರಿನಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳೆಂಬ ಸಂಶಯಕ್ಕೆ ಎಡೆಮಾಡಬಹುದು. ಮೊದಲು ಹೆಸರು ತಿದ್ದುಪಡಿ ಮಾಡಿಸಿಕೊಂಡು ನಂತರ ಪರವಾನಗಿ ಕೋರತಕ್ಕದ್ದು.

(ಆ) ಅವಧಿ: ಪರವಾನಗಿಯ ಅವಧಿ ನೀಡಿದ ದಿನಾಂಕದಿಂದ ಒಂದು ವರ್ಷ, ಅಥವಾ ಮೂಲ ಅನುಜ್ಞಾಪತ್ರ ಮುಗಿಯುವವರೆಗೆ, ಯಾವುದು ಮೊದಲೋ ಅದು. ಉದಾಹರಣೆಗೆ, ಪ್ರವಾಸ ಜೂನ್ 30ರವರೆಗೆ ಇದ್ದು ಅನುಜ್ಞಾಪತ್ರ ಜೂನ್ 20ಕ್ಕೆ ಮುಗಿಯುವುದಾದರೆ, ಕೊನೆಯ ಹತ್ತು ದಿನ ಅರ್ಜಿದಾರರು ಲೈಸೆನ್ಸ್ ಇಲ್ಲದೆ ಚಾಲನೆ ಮಾಡಿದಂತಾಗುತ್ತದೆ. ಆ ಅವಧಿಯಲ್ಲಿ ಅಪಘಾತ ಸಂಭವಿಸಿದಲ್ಲಿ ವಿಮಾ ಸಂಸ್ಥೆ ಪರಿಹಾರ ನಿರಾಕರಿಸಬಹುದು ಮತ್ತು ಹಾನಿಯ ಪೂರ್ಣ ಹೊಣೆ ಚಾಲಕರ ಮೇಲೆ ಬೀಳಬಹುದು. ಹಲವು ವರ್ಷಗಳ ಕಾಫಿಯ ಆದಾಯ ಒಂದು ದಿನಾಂಕದ ಕಾರಣಕ್ಕೆ ಕೈತಪ್ಪುವ ಸಂದರ್ಭವಿದು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ, ಇದನ್ನು ಸದುಪಯೋಗಪಡಿಸಿಕೊಳ್ಳಬೇಕು.

3. ವೀಸಾ ಮತ್ತು ದಿನಗಳ ಲೆಕ್ಕ

ಷೆಂಗೆನ್ ವ್ಯವಸ್ಥೆಯಲ್ಲಿ 2025ರ ಜನವರಿ 1ರಿಂದ 29 ದೇಶಗಳು ಪೂರ್ಣವಾಗಿ ಸೇರಿವೆ. ಅತಿ ಹೆಚ್ಚು ದಿನ ತಂಗುವ ದೇಶಕ್ಕೆ ಅರ್ಜಿ ಸಲ್ಲಿಸತಕ್ಕದ್ದು; ಎಲ್ಲೆಡೆ ದಿನಗಳು ಸಮವಾಗಿದ್ದಲ್ಲಿ ಮೊದಲು ಪ್ರವೇಶಿಸುವ ದೇಶಕ್ಕೆ. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಸ್ವೀಕರಿಸಲಾಗುತ್ತದೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗೆ ಮೀರಿ ಇರುವಂತಿಲ್ಲ. ಪ್ರವೇಶದ ದಿನ ಮತ್ತು ನಿರ್ಗಮನದ ದಿನ ಎರಡನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ಮೇ 1ರಂದು ಪ್ರವೇಶಿಸಿದವರಿಗೆ ಜುಲೈ 29 ತೊಂಬತ್ತನೆಯ ದಿನ. ವೀಸಾದಲ್ಲಿ ಇದಕ್ಕಿಂತ ಕಡಿಮೆ ದಿನ ನಮೂದಾಗಿದ್ದರೆ ಅದೇ ಅಂತಿಮ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ಗಣಕೀಕೃತ ವ್ಯವಸ್ಥೆ ಈ ದಿನಗಳನ್ನು ತಾನೇ ಎಣಿಸುತ್ತದೆ. ಸರ್ಬಿಯಾ, ಬೋಸ್ನಿಯಾ ಮುಂತಾದ ದೇಶಗಳು ಷೆಂಗೆನ್‌ಗೆ ಸೇರಿಲ್ಲ. ನಡುವೆ ಅಲ್ಲಿಗೆ ಹೋಗಿ ಮರಳುವುದಾದರೆ ಒಂದಕ್ಕಿಂತ ಹೆಚ್ಚು ಪ್ರವೇಶದ ವೀಸಾ ಇರತಕ್ಕದ್ದು.

4. ಬಾಡಿಗೆ ವಾಹನ ಮತ್ತು ರಸ್ತೆ ಶುಲ್ಕ

ಗಡಿ ದಾಟಲು ಬಾಡಿಗೆ ಸಂಸ್ಥೆಯ ಅನುಮತಿಯನ್ನು, ದೇಶಗಳ ಹೆಸರು ಸಹಿತ, ಬರವಣಿಗೆಯಲ್ಲಿ ಪಡೆಯಬೇಕು. ಅನುಮತಿ ಇಲ್ಲದ ದೇಶದಲ್ಲಿ ವಿಮೆ ಅನ್ವಯವಾಗದಿರಬಹುದು. ಕುಟುಂಬದ ಇಬ್ಬರು ಚಾಲನೆ ಮಾಡುವುದಾದರೆ ಇಬ್ಬರ ಹೆಸರೂ ಕರಾರಿನಲ್ಲಿರಬೇಕು ಮತ್ತು ಇಬ್ಬರೂ ಪ್ರತ್ಯೇಕ ಪರವಾನಗಿ ಹೊಂದಿರಬೇಕು.

ಫ್ರಾನ್ಸ್ ಮತ್ತು ಇಟಲಿಯ ಹೆಚ್ಚಿನ ಹೆದ್ದಾರಿಗಳಲ್ಲಿ ಕ್ರಮಿಸಿದ ದೂರಕ್ಕೆ ತಕ್ಕಂತೆ ಸುಂಕವಿದೆ. ಆಸ್ಟ್ರಿಯಾ, ಸ್ಲೊವೇನಿಯಾ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ವಿನ್ಯೆಟ್ ಎಂಬ ಅವಧಿ ಚೀಟಿಯನ್ನು ಮೊದಲೇ ಖರೀದಿಸಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ವಾರ್ಷಿಕ ಚೀಟಿ ಮಾತ್ರ ದೊರೆಯುತ್ತದೆ. ಇಟಲಿಯ ಅನೇಕ ಹಳೆಯ ನಗರಭಾಗಗಳಲ್ಲಿ ಹೊರಗಿನ ವಾಹನಗಳಿಗೆ ಪ್ರವೇಶ ನಿರ್ಬಂಧವಿದ್ದು, ಕ್ಯಾಮೆರಾ ದಾಖಲಿಸಿದ ದಂಡದ ನೋಟಿಸು ತಿಂಗಳುಗಳ ನಂತರ ಮನೆ ವಿಳಾಸಕ್ಕೆ ಬರುವುದುಂಟು.

5. ಘಟ್ಟದ ಚಾಲಕರು ವಿಶೇಷವಾಗಿ ಗಮನಿಸಬೇಕಾದುದು

ಚಾರ್ಮಾಡಿ ಘಾಟಿಯಲ್ಲಿ ವಾಹನ ನಡೆಸಿದ ಅನುಭವ ಆಲ್ಪ್ಸ್ ಪರ್ವತದಲ್ಲಿ ಉಪಯೋಗಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ಇಳಿಯುವ ಅಭ್ಯಾಸ ಅಲ್ಲಿಯೂ ಅಗತ್ಯ. ಆದರೆ ಎರಡು ವ್ಯತ್ಯಾಸಗಳಿವೆ. ಮೊದಲನೆಯದು, ಯುರೋಪಿನ ಮುಖ್ಯ ಭೂಭಾಗದಲ್ಲಿ ರಸ್ತೆಯ ಬಲಬದಿಯ ಸಂಚಾರವಿದೆ. ದಣಿದಾಗ ಹಾಗೂ ಖಾಲಿ ರಸ್ತೆಯಲ್ಲಿ ಹಳೆಯ ಅಭ್ಯಾಸ ಮರುಕಳಿಸುವ ಅಪಾಯವಿರುವುದರಿಂದ, ವಿಮಾನ ಇಳಿದ ದಿನವೇ ದೂರದ ಚಾಲನೆ ಮಾಡದಿರುವುದು ಕ್ಷೇಮಕರ. ಎರಡನೆಯದು, ಎತ್ತರದ ಕಣಿವೆ ಮಾರ್ಗಗಳು ಹಿಮದ ಕಾರಣ ಚಳಿಗಾಲದಲ್ಲಿ ಮುಚ್ಚಿರುತ್ತವೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಇಟಲಿಯ ಸ್ಟೆಲ್ವಿಯೊ ಮಾರ್ಗ 2,757 ಮೀಟರ್ ಎತ್ತರದಲ್ಲಿದ್ದು, ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್‌ನಲ್ಲಷ್ಟೇ ತೆರೆಯುತ್ತದೆ. ಏಪ್ರಿಲ್‌ನಲ್ಲಿ ಹೊರಡುವವರು ಸುರಂಗ ಮಾರ್ಗಗಳನ್ನು ಆಧರಿಸಿ ಯೋಜನೆ ರೂಪಿಸತಕ್ಕದ್ದು.

ಯುರೋಪಿಯನ್ ಒಕ್ಕೂಟದಾದ್ಯಂತ ತುರ್ತು ದೂರವಾಣಿ ಸಂಖ್ಯೆ 112. ನಮ್ಮ ದೇಶದಲ್ಲಿಯೂ ಅದೇ ಸಂಖ್ಯೆ ಇರುವುದರಿಂದ ಮಕ್ಕಳಿಗೂ ನೆನಪಿಡಲು ಸುಲಭ.

6. ಸಲಹೆ

ಪ್ರವಾಸದ ಕೊನೆಯ ದಿನಾಂಕವನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ: ಅನುಜ್ಞಾಪತ್ರ, ಪಾಸ್‌ಪೋರ್ಟ್, ವೀಸಾ, ಪರವಾನಗಿ, ವಿಮೆ. ಈ ಐದರಲ್ಲಿ ಹೆಸರು ಒಂದೇ ಇದೆಯೇ, ಎಲ್ಲದರ ಅವಧಿಯೂ ಆ ದಿನಾಂಕವನ್ನು ದಾಟುತ್ತದೆಯೇ ಎಂದು ಖಚಿತಪಡಿಸಿಕೊಂಡ ನಂತರವೇ ವಿಮಾನ ಟಿಕೆಟ್ ಹಾಗೂ ಕಾರಿಗೆ ಮುಂಗಡ ಪಾವತಿಸುವುದು ಸೂಕ್ತವೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಕುಯ್ಲು ಆರಂಭವಾಗುವ ನವೆಂಬರ್‌ಗೆ ಮೊದಲೇ ತಿದ್ದುಪಡಿ ಮತ್ತು ನವೀಕರಣದ ಕೆಲಸ ಮುಗಿಸಿಕೊಂಡಲ್ಲಿ ಅರ್ಜಿದಾರರಿಗೆ ಅಲೆದಾಟ ತಪ್ಪುತ್ತದೆ.