ಮಂಗಳವಾರದ ಅಮಂಗಳ

ನಮ್ಮ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದುದರಿಂದ ಗೋಡೆಯ ಕ್ಯಾಲೆಂಡರನ್ನು ಓದಿ ಹೇಳುವ ಅಧಿಕಾರವು ನನಗೆ ಎಂಟನೆಯ ವಯಸ್ಸಿಗೇ ಪ್ರಾಪ್ತವಾಯಿತು. “ಇವತ್ತು ರಾಹುಕಾಲ ಎಷ್ಟೊತ್ತಿಗ್ಲಾ?” ಎಂದು ಅಜ್ಜಿ ಕೇಳುವರು, ನಾನು ಗಂಭೀರವಾಗಿ ಓದುವೆನು. ಅಕ್ಷರವಿದ್ಯೆಯಿಂದ ಮನೆಗೆ ನಾನು ಸಲ್ಲಿಸಿದ ಮೊದಲ ಸೇವೆ ಇದೇ.

ಎರಡು ವರ್ಷಗಳ ಹಿಂದೆ ತಂಗಿಯ ಹಾಸ್ಟೆಲಿನ ಅರ್ಜಿ ಕೊಡಲು ಒಂದು ಮಂಗಳವಾರ ಕಡೆಯ ದಿನವಾಗಿತ್ತು. ಭಾನುವಾರ ರಜೆ, ಸೋಮವಾರ ಅಮಾವಾಸ್ಯೆ, ಮಂಗಳವಾರವಂತೂ ಶುಭಕಾರ್ಯಕ್ಕೆ ಆಗದು. ಬುಧವಾರ ಒಳ್ಳೆಯ ದಿನವೆಂದು ಓದಿ ಹೇಳಿದವನು ನಾನೇ. ಕಡೆಯ ದಿನಾಂಕ ನನಗೆ ಗೊತ್ತಿತ್ತು. ಒಂದು ದಿನ ತಡವಾದರೆ ಯಾರೇನೆಂದಾರು ಎಂದುಕೊಂಡೆ. ಬುಧವಾರ ಅಪ್ಪ ಪೇಟೆಗೆ ಹೋದಾಗ ಅವಧಿ ಮುಗಿದಿತ್ತು. ಗುಮಾಸ್ತರದೇನೂ ತಪ್ಪಿಲ್ಲ. ತಂಗಿ ಒಂದು ವರ್ಷ ಮನೆಯಲ್ಲೇ ಕುಳಿತಳು.

‘ಮಂಗಳ’ವೆಂಬ ಹೆಸರೇ ಇರುವ ವಾರಕ್ಕೆ ಈ ಅಪವಾದವನ್ನು ಹೊರಿಸಿದವರಾರು? ಇತಿಹಾಸದ ವಿದ್ಯಾರ್ಥಿಯಾದ ನನಗೆ ಪುಸ್ತಕ ಭಂಡಾರದಲ್ಲಿ ದೊರೆತ ಉತ್ತರವು ವಿಚಿತ್ರವಾಗಿದೆ. ವೇದಕಾಲದ ಜನ ತಿಥಿ, ನಕ್ಷತ್ರಗಳನ್ನು ಎಣಿಸುತ್ತಿದ್ದರೇ ಹೊರತು ಏಳು ವಾರಗಳನ್ನಲ್ಲ. ಮಧ್ಯಪ್ರದೇಶದ ಎರಣ್ ಎಂಬಲ್ಲಿ ಬುಧಗುಪ್ತನ ಕಾಲದ, ಕ್ರಿ. ಶ. 484ರ, ಒಂದು ಸ್ತಂಭಶಾಸನವಿದೆ. ವಾರದ ಹೆಸರನ್ನು ಹೇಳುವ ನಮ್ಮ ಅತಿ ಹಳೆಯ ಶಾಸನಗಳಲ್ಲಿ ಇದೂ ಒಂದು. ಅಲ್ಲಿ ಗುರುವಾರದ ಉಲ್ಲೇಖವಿದೆ. ಗ್ರಹಗಳ ಹೆಸರಿನ ವಾರಗಳು ಯವನರ, ಎಂದರೆ ಗ್ರೀಕರ, ಜ್ಯೋತಿಷ್ಯದೊಡನೆ ಇಲ್ಲಿಗೆ ಬಂದವು.

ವಾರಗಳ ಕ್ರಮವೂ ಒಂದು ಲೆಕ್ಕವೇ. ಆಕಾಶದಲ್ಲಿ ನಿಧಾನವಾಗಿ ಚಲಿಸುವುದರಿಂದ ಮೊದಲುಮಾಡಿ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಏಳನ್ನು ಸಾಲಿಡಿರಿ. ದಿನದ 24 ಗಂಟೆಗಳಿಗೆ ಈ ಸಾಲಿನಂತೆ ಒಬ್ಬೊಬ್ಬ ಒಡೆಯನನ್ನು ಕೊಡಿರಿ. ಮೊದಲ ಗಂಟೆಯ ಒಡೆಯನೇ ಆ ದಿನಕ್ಕೂ ಒಡೆಯ. ಶನಿಯಿಂದ ಆರಂಭಿಸಿದರೆ 25ನೆಯ ಗಂಟೆ ರವಿಗೆ ಬೀಳುವುದು; ಆದುದರಿಂದ ಶನಿವಾರದ ಮರುದಿನ ಭಾನುವಾರ. ಹೀಗೆಯೇ ಮುಂದೆ ಸೋಮ, ಮಂಗಳ. ಈ ಗಂಟೆಗೆ ‘ಹೋರಾ’ ಎಂಬ ಹೆಸರು ಬಂದುದು ಗ್ರೀಕ್ ಭಾಷೆಯಿಂದ. ‘ಅಹೋರಾತ್ರ’ದ ಮೊದಲ, ಕೊನೆಯ ಅಕ್ಷರಗಳನ್ನು ಕಳೆದರೆ ‘ಹೋರಾ’ ಆಗುವುದೆಂದು ಕೆಲವರ ಮತವೆಂದು ವರಾಹಮಿಹಿರನು ಹೇಳುವನು. ಜಾಣತನವೇನೋ ಸರಿ!

ಲೆಕ್ಕದೊಡನೆ ಭಯವೂ ಬಂದಿತು. ಕುಜ ಕೆಂಪು ಗ್ರಹ. ಬಾಬಿಲೋನಿಯದವರು ಅವನನ್ನು ಮೃತ್ಯುರೋಗಗಳ ದೇವತೆಯಾದ ನೆರ್ಗಲನೊಡನೆಯೂ ರೋಮನರು ಯುದ್ಧದೇವತೆಯೊಡನೆಯೂ ಕೂಡಿಸಿದರು. ಇಂತಹವನ ವಾರದಲ್ಲಿ ಶುಭಕಾರ್ಯವೆಲ್ಲಿಯದು? ಸ್ಪೇನ್ ದೇಶದವರಿಗೂ ಗ್ರೀಕರಿಗೂ ಇಂದಿಗೂ ಮಂಗಳವಾರವೇ ಕೆಟ್ಟ ವಾರ. 1453ರ ಮೇ 29ರ ಮಂಗಳವಾರ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದುದೇ ಕಾರಣವೆಂದು ಗ್ರೀಕರು ಹೇಳುವರು. ನಮಗೆ ಲಕ್ಷ್ಮಿಯ ವಾರವಾದ ಶುಕ್ರವಾರವನ್ನು ಕಂಡರೆ ಇಂಗ್ಲಿಷರಿಗೆ ಅಂಜಿಕೆ. ಏಸುವನ್ನು ಶಿಲುಬೆಗೇರಿಸಿದ ದಿನವದು. ನಾವು ಹೆದರುವ ಅಮಾವಾಸ್ಯೆಯಂದೇ ತಮಿಳುನಾಡಿನಲ್ಲಿ ಅನೇಕರು ಹೊಸ ಕೆಲಸಕ್ಕೆ ಕೈಹಾಕುವರು.

ರಾಹುವಿನ ಕತೆ ಇನ್ನೂ ಸ್ವಾರಸ್ಯ. ರಾಹುವೆಂಬ ಗ್ರಹವೇ ಇಲ್ಲ. ಚಂದ್ರನ ಪಥವು ಸೂರ್ಯನ ಪಥವನ್ನು ದಾಟುವ ಒಂದು ಬಿಂದುವದು. ಗ್ರಹಣಕ್ಕೆ ನೆರಳೇ ಕಾರಣವೆಂದು ಆರ್ಯಭಟನು ಕ್ರಿ. ಶ. 499ರಲ್ಲೇ ತಿಳಿಸಿದನು. ಆದರೂ ನಾವು ಹಗಲನ್ನು ಎಂಟು ಪಾಲು ಮಾಡಿ, ಒಂದನ್ನು ಆ ಬಿಂದುವಿಗೆ ಬಿಟ್ಟುಕೊಟ್ಟಿದ್ದೇವೆ: ಸೋಮವಾರ ಎರಡನೆಯದು, ಮಂಗಳವಾರ ಏಳನೆಯದು, ಹೀಗೆ. ಸೂರ್ಯ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಮಾತ್ರ ಮಂಗಳವಾರದ ಪಾಲು ಮೂರರಿಂದ ನಾಲ್ಕೂವರೆ. ಅದಲ್ಲದೆ 1906ರಿಂದ ನಮ್ಮ ಗಡಿಯಾರಗಳು 82½ ಡಿಗ್ರಿ ರೇಖಾಂಶದ ವೇಳೆಯನ್ನು ತೋರಿಸುತ್ತಿವೆ. ಬೆಂಗಳೂರಿನ ಸೂರ್ಯ ಅದಕ್ಕಿಂತ ಸುಮಾರು 20 ನಿಮಿಷ ಹಿಂದೆ. ಗೋಡೆಯ ಕ್ಯಾಲೆಂಡರನ್ನು ನಂಬಿ ಕಾಯುವವರು ಎಷ್ಟೋ ಸಲ ರಾಹುಕಾಲದ ನಡುವೆಯೇ ಹೊರಡುತ್ತಾರೆ!

ಇದನ್ನೆಲ್ಲ ಅಜ್ಜಿಗೆ ವಿವರಿಸಿದೆ. ಅವರು ಶಾಂತವಾಗಿ ಕೇಳಿ, “ಹಂಗಾದ್ರೆ ಸೋಮವಾರ ಎತ್ತು ಹೂಡಬಾರದು ಅನ್ನೋದೂ ಸುಳ್ಳೇನ್ಲಾ?” ಎಂದರು. ನಾನು ನಿರುತ್ತರನಾದೆ. ನಮ್ಮ ಹಳ್ಳಿಗಳಲ್ಲಿ ಬಸವನ ಹೆಸರಿನಲ್ಲಿ ಎತ್ತಿಗೆ ಸೋಮವಾರ ಬಿಡುವು ಕೊಡುತ್ತಾರೆ. ಕಾರಣ ಏನೇ ಹೇಳಲಿ, ಮೂಕಪ್ರಾಣಿಗೆ ಒಂದು ದಿನ ವಿಶ್ರಾಂತಿ ದೊರೆಯುತ್ತದೆ. ಎಲ್ಲ ನಿಷೇಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೊರಟ ನನ್ನ ಪಾಂಡಿತ್ಯ ಅಲ್ಲಿಗೆ ಸ್ವಲ್ಪ ತಗ್ಗಿತು.

ಕಳೆದ ವರ್ಷ ತಂಗಿಯ ಅರ್ಜಿಯನ್ನು ನಾನೇ ಒಯ್ದು ಕೊಟ್ಟೆ. ಬೇಕೆಂದೇ ಮಂಗಳವಾರ, ಮಧ್ಯಾಹ್ನ ಮೂರೂವರೆಗೆ. ಸೀಟು ದೊರೆಯಿತು, ಅವಳು ಈಗ ಓದುತ್ತಿದ್ದಾಳೆ. ಅಜ್ಜಿ ತಡೆಯಲಿಲ್ಲವೇಕೆಂದು ನನಗೆ ಆಶ್ಚರ್ಯ. ಆಮೇಲೆ ತಿಳಿಯಿತು, ಅವರು ಸೋಮವಾರ ಸಂಜೆಯೇ ಅರ್ಜಿಯ ಲಕೋಟೆಯನ್ನು ಪಕ್ಕದ ಮನೆಯಲ್ಲಿ ಇರಿಸಿ ಬಂದಿದ್ದರು. ಹಾಗೆ ಮಾಡಿದರೆ ಪ್ರಯಾಣವು ಹಿಂದಿನ ದಿನವೇ ಹೊರಟಂತೆ ಎಂಬುದು ವಾಡಿಕೆ. “ಈ ಉಪಾಯ ಆವತ್ತೇ ಯಾಕೆ ಮಾಡಲಿಲ್ಲ, ಅಜ್ಜಿ?” ಎಂದು ಕೇಳಿದೆ.

“ಆವತ್ತು ಸೋಮವಾರ ಅಮಾಸೆ ಅಲ್ವೇನ್ಲಾ? ನೀನೇ ಓದಿ ಹೇಳಿದ್ದು” ಎಂದರು.