ಗಾಳಿಯನ್ನು ಅಳೆಯುವ ಉಪಕರಣವನ್ನೇ ಅಳೆಯುವುದೆಂತು?

ನೆಲದ ಮೇಲೆ ಗಾಳಿಯ ವೇಗವನ್ನು ಅಳೆಯಲು ತಿರುಗುವ ಬಟ್ಟಲುಗಳ ಮಾಪಕ ಸಾಕು. ಆದರೆ 100 ಕಿಲೋಮೀಟರ್ ಎತ್ತರದಲ್ಲಿ ವಾಯು ಅತಿ ವಿರಳ; ಬೆಲೂನು ಅಲ್ಲಿಗೆ ಏರಲಾರದು, ಉಪಗ್ರಹ ಅಷ್ಟು ಕೆಳಗೆ ಬಹುಕಾಲ ಸುತ್ತಲಾರದು. ಹಾಗಾದರೆ ಅಲ್ಲಿನ ಗಾಳಿಯನ್ನು ನಾವು ಅರಿಯುವುದು ಹೇಗೆ?

ಆ ವಾಯುವೇ ನಮಗೆ ಸುಳಿವನ್ನು ಕೊಡುತ್ತದೆ. ಸೂರ್ಯನಿಂದ ಪಡೆದ ಶಕ್ತಿಯ ಒಂದಂಶವನ್ನು ಅಲ್ಲಿನ ಆಮ್ಲಜನಕದ ಪರಮಾಣುಗಳು ಮಂದವಾದ ಹಸುರು ಬೆಳಕಾಗಿ ಹೊರಚೆಲ್ಲುತ್ತವೆ. ಇದರ ತರಂಗದೂರ 557.7 ನ್ಯಾನೋಮೀಟರ್. ನಮ್ಮತ್ತ ಧಾವಿಸುವ ರೈಲಿನ ಶಿಳ್ಳು ಏರುದನಿಯಲ್ಲಿ ಕೇಳುವಂತೆ, ವಾಯು ನಮ್ಮತ್ತ ಚಲಿಸಿದಾಗ ಈ ತರಂಗದೂರ ತುಸು ಕುಗ್ಗಿ ತೋರುವುದು. ಇದೇ ಡಾಪ್ಲರ್ ಪರಿಣಾಮ.

1991ರ ಸೆಪ್ಟೆಂಬರಿನಲ್ಲಿ ಅಮೆರಿಕದ ಡಿಸ್ಕವರಿ ನೌಕೆಯು ಕಕ್ಷೆಗೆ ಸೇರಿಸಿದ ಮೇಲ್ವಾಯುಮಂಡಲ ಸಂಶೋಧನ ಉಪಗ್ರಹದಲ್ಲಿ, ಕೆನಡಾ ಮತ್ತು ಫ್ರಾನ್ಸ್ ಕೂಡಿ ನಿರ್ಮಿಸಿದ 'ವಿಂಡಿ' ಎಂಬ ಉಪಕರಣವಿದ್ದಿತು. ಅದು ಮೈಕೆಲ್ಸನ್ ಮಾದರಿಯ ವ್ಯತಿಕರಣಮಾಪಕ. ಒಳಬಂದ ಬೆಳಕನ್ನು ಎರಡಾಗಿ ಸೀಳಿ, ಒಂದು ಕಿರಣವನ್ನು ಇನ್ನೊಂದಕ್ಕಿಂತ ಸುಮಾರು 4.5 ಸೆಂಟಿಮೀಟರ್ ಹೆಚ್ಚು ದೂರ ನಡೆಸಿ ಮತ್ತೆ ಕೂಡಿಸಿದರೆ, ಬೆಳಕು ಕತ್ತಲೆಗಳ ಪಟ್ಟೆಗಳು ಮೂಡುವುವು. ಗಾಳಿಯ ವೇಗಕ್ಕೆ ತಕ್ಕಂತೆ ಇವು ಸರಿಯುವುವು. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯಿಂದ ತರಂಗದೂರ ಬದಲಾಗುವುದು ಮೂರು ಕೋಟಿಯಲ್ಲಿ ಒಂದು ಭಾಗ; ಪಟ್ಟೆ ಸರಿಯುವುದು ಎರಡು ಪಟ್ಟೆಗಳ ನಡುವಣ ಅಂತರದ ಸುಮಾರು 370ನೆಯ ಒಂದು ಭಾಗ ಮಾತ್ರ.

ತೊಡಕು ಇರುವುದು ಇಲ್ಲಿಯೇ. ಉಷ್ಣತೆ ಏರಿ, ಕಿರಣದ ದಾರಿ ಕೆಲವೇ ಪರಮಾಣುಗಳ ಅಗಲದಷ್ಟು ಹಿಗ್ಗಿದರೂ ಪಟ್ಟೆ ಅಷ್ಟೇ ಸರಿಯುವುದು. ಮೇಲಾಗಿ ಉಪಗ್ರಹ ತಾನೇ ಸೆಕೆಂಡಿಗೆ ಸುಮಾರು 7.5 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು. ಆ ವೇಗವನ್ನು ಲೆಕ್ಕದಲ್ಲಿ ಕಳೆಯಬೇಕು. ಓಟದ ದಿಕ್ಕಿಗೆ 45 ಡಿಗ್ರಿ ಓರೆಯಾದ ದೃಷ್ಟಿ 0.1 ಡಿಗ್ರಿ ತಪ್ಪಿದರೆ, ಸೆಕೆಂಡಿಗೆ ಸುಮಾರು 9 ಮೀಟರ್ ವೇಗದ ಹುಸಿಗಾಳಿ ಬೀಸಿದಂತಾಗುವುದು. ಉಪಕರಣವು ವರ್ಷಗಳುದ್ದಕ್ಕೂ ಮೆಲ್ಲಮೆಲ್ಲನೆ ಬದಲಾದರೆ, ವಾಯುಮಂಡಲವೇ ಬದಲಾಯಿತೆಂದು ನಾವು ಭ್ರಮಿಸಬಹುದು.

ಆದುದರಿಂದ ಉಪಕರಣದ ಮೇಲೆ ಸತತವಾದ ಕಾವಲು ಬೇಕಾಯಿತು. ತರಂಗದೂರ ಗೊತ್ತಿರುವ ದೀಪಗಳನ್ನು ಉಪಕರಣದಲ್ಲಿಯೇ ಇರಿಸಿ, ಅವುಗಳ ಪಟ್ಟೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಅದೇ ಉಪಗ್ರಹದಲ್ಲಿದ್ದ, ಬೇರೊಂದು ಮಾದರಿಯ ವ್ಯತಿಕರಣಮಾಪಕದ ಫಲಿತಾಂಶಗಳೊಡನೆಯೂ ನೆಲದ ಮೇಲಣ ರೇಡಾರುಗಳ ಅಳತೆಗಳೊಡನೆಯೂ ಹೋಲಿಸಿದರು. ದೀಪಕ್ಕೆ ಕಾಣದ ದೋಷ ಹೋಲಿಕೆಯಲ್ಲಿ ಬಯಲಾಗಬಹುದಷ್ಟೆ.

2005ರಲ್ಲಿ ಉಪಗ್ರಹದ ಸೇವೆ ಮುಗಿಯಿತು; 2011ರ ಸೆಪ್ಟೆಂಬರ್ 24ರಂದು ಅದು ವಾಯುಮಂಡಲವನ್ನು ಹೊಕ್ಕು ಒಡೆಯಿತು, ಅಳಿದುಳಿದ ಚೂರುಗಳು ಪೆಸಿಫಿಕ್ ಸಾಗರಕ್ಕೆ ಬಿದ್ದುವು. ಅಂಕಿಗಳು ಮಾತ್ರ ಉಳಿದಿವೆ. ಅವುಗಳನ್ನು ನಾವು ಇಂದು ನಂಬಬಹುದಾದರೆ, ಅಳೆದವರು ತಮ್ಮ ಉಪಕರಣವನ್ನು ಕಣ್ಣುಮುಚ್ಚಿ ನಂಬದಿದ್ದುದೇ ಅದಕ್ಕೆ ಕಾರಣ.